ಟ್ಯಾಕ್ಸ್ ಫಾರ್ಮಿನ ದೇಣಿಗೆ ಪುಟ: ಸುಮ್ನೆ ದಾಟಿ ಹೋಗಬೇಡಿ

ಕ್ಯಾಲಿಫೋರ್ನಿಯಾದ ಬೇ ಏರಿಯಾಗೆ ಬಂದು ಮೊದಲ ಸಲ ಟ್ಯಾಕ್ಸ್ ಫೈಲ್ ಮಾಡುವವರು ನಮ್ಮ ಕೂಟದಲ್ಲಿ ಒಂದು ಪ್ರಶ್ನೆಯನ್ನು ಕೇಳುತ್ತಲೇ ಇರುತ್ತಾರೆ: "ಕೊನೆಗೆ ಅದೇನೋ ದೇಣಿಗೆ ಅಂತ ಬರುತ್ತಲ್ಲ, ಅದು ಕಡ್ಡಾಯವಾ?" ಕಡ್ಡಾಯ ಅಲ್ಲ. ಸಾಫ್ಟ್‌ವೇರಿನಲ್ಲಿ ಆ ಪುಟ ಬಂದಾಗ ಮುಂದಕ್ಕೆ ಒತ್ತಿದರೆ ಏನೂ ತೊಂದರೆಯಿಲ್ಲ. ಆದರೂ ಅಲ್ಲಿ ಒಂದೆರಡು ನಿಮಿಷ ನಿಲ್ಲಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಊರಿನಲ್ಲಿ ನಾವು ಮೊದಲು ಸಂಸ್ಥೆಗೆ ದುಡ್ಡು ಕೊಟ್ಟು, ರಸೀದಿ ಇಟ್ಟುಕೊಂಡು, ಆಮೇಲೆ ತೆರಿಗೆ ವಿನಾಯಿತಿಗಾಗಿ 80ಜಿ ಅಂತ ರಿಟರ್ನಿನಲ್ಲಿ ತೋರಿಸುತ್ತಿದ್ದೆವು. ಇಲ್ಲಿ ಕ್ಯಾಲಿಫೋರ್ನಿಯಾದ ರಿಟರ್ನಿನಲ್ಲೇ ದುಡ್ಡು ಕೊಡಬಹುದು. ರಾಜ್ಯದ ತೆರಿಗೆಯ ಫಾರ್ಮ್ 540ರಲ್ಲಿ ದೇಣಿಗೆ ಕೊಡಬಹುದಾದ ನಿಧಿಗಳ ಒಂದು ಪಟ್ಟಿ ಇದೆ. ವರ್ಷದ ಮಧ್ಯೆ ಬಂದವರು ತುಂಬುವ 540ಎನ್‌ಆರ್‌ನಲ್ಲೂ ಇದೆ. ಬೇಕಾದ ನಿಧಿಯ ಮುಂದೆ 1 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಬರೆಯಬಹುದು. ಸೆಂಟ್ಸ್ ಬೇಡ, ಪೂರ್ತಿ ಡಾಲರ್ ಮಾತ್ರ. ನಿಮಗೆ 312 ಡಾಲರ್ ವಾಪಸ್ ಬರಬೇಕಿದ್ದು 20 ಕೊಟ್ಟರೆ, 292 ಕೈಗೆ ಬರುತ್ತದೆ. ನೀವೇ ತೆರಿಗೆ ಕಟ್ಟಬೇಕಿದ್ದರೆ ದೇಣಿಗೆಯ ಮೊತ್ತವನ್ನೂ ಸೇರಿಸಿ ಕಟ್ಟಿ. ಕೇಂದ್ರ ಸರ್ಕಾರಕ್ಕೆ ತುಂಬುವ ಫೆಡರಲ್ ಫಾರ್ಮ್ 1040ರಲ್ಲಿ ಇಂಥ ಪಟ್ಟಿ ಇಲ್ಲ. ಅಲ್ಲಿರುವ 3 ಡಾಲರಿನ ಚೌಕ ಅಧ್ಯಕ್ಷರ ಚುನಾವಣಾ ನಿಧಿಯದು. ಅದಕ್ಕೆ ಗುರುತು ಹಾಕಿದರೂ ನಿಮ್ಮ ತೆರಿಗೆ ಹೆಚ್ಚುವುದಿಲ್ಲ, ರಿಫಂಡ್ ಕಡಿಮೆಯಾಗುವುದಿಲ್ಲ. ಹೊಸಬರು ಈ ಎರಡನ್ನೂ ಒಂದೇ ಅಂದುಕೊಳ್ಳುವುದು ಜಾಸ್ತಿ.

ಸಿಪಿಎ (ಲೆಕ್ಕಪರಿಶೋಧಕರು) ಹತ್ತಿರ ಟ್ಯಾಕ್ಸ್ ಫೈಲ್ ಮಾಡಿಸುವವರು ನೀವಾಗಿಯೇ ಹೇಳಬೇಕು. ಎಷ್ಟೋ ಜನ ಸಿಪಿಎಗಳು ಈ ಪುಟದ ಬಗ್ಗೆ ಕೇಳುವುದೇ ಇಲ್ಲ.

ಮಾನವ ಕಳ್ಳಸಾಗಣೆಗೆ ಸಿಕ್ಕಿದ ಮಕ್ಕಳಿಗಾಗಿ ಕೂಡ ಈ ಪಟ್ಟಿಯಲ್ಲಿ ಒಂದು ನಿಧಿ ಇತ್ತು. 2011ರಲ್ಲಿ ಕಾನೂನಾಗಿ ಬಂತು. ಅಂಥ ಮಕ್ಕಳನ್ನು ನೋಡಿಕೊಳ್ಳುವ ಸ್ಥಳೀಯ ಸಂಸ್ಥೆಗಳಿಗೆ ಆ ದುಡ್ಡು ಹೋಗಬೇಕಿತ್ತು. ಕೆಲವು ವರ್ಷ ಫಾರ್ಮಿನಲ್ಲಿತ್ತು, ಈಗ ಇಲ್ಲ. ಇಲ್ಲಿನ ನಿಧಿಗಳಿಗೆ ಒಂದು ಕೊನೆಯ ದಿನಾಂಕ ಇರುತ್ತದೆ. ಪಟ್ಟಿಯಲ್ಲಿ ಉಳಿಯಬೇಕಾದರೆ ಸಾಮಾನ್ಯವಾಗಿ ವರ್ಷಕ್ಕೆ 2,50,000 ಡಾಲರಾದರೂ ಸೇರಬೇಕು. ಕೋಟ್ಯಂತರ ಜನರಿರುವ ರಾಜ್ಯಕ್ಕೆ ಇದು ದೊಡ್ಡ ಮೊತ್ತವೇನಲ್ಲ, ಅಲ್ವಾ? ನಮ್ಮ ಐದು, ಹತ್ತು ಡಾಲರಿಗೂ ಅಲ್ಲಿ ಲೆಕ್ಕವಿದೆ.

ಈ ಕಳ್ಳಸಾಗಣೆ ನಮಗೆ ಸಂಬಂಧವಿಲ್ಲದ ವಿಷಯ ಅಂತ ಅನ್ನಿಸಬಹುದು. ಹಾಗಲ್ಲ. 1999ರ ನವೆಂಬರಿನಲ್ಲಿ ಬರ್ಕ್ಲಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿ 17 ವರ್ಷದ ಹುಡುಗಿಯೊಬ್ಬಳು ತೀರಿಕೊಂಡಳು. ಅವಳು ಆಂಧ್ರದ ಹಳ್ಳಿಯವಳು. ಅವಳನ್ನು ಕರೆತಂದವನೂ ನಮ್ಮ ದೇಶದವನೇ. ಅಪಾರ್ಟ್‌ಮೆಂಟುಗಳು, ಹೋಟೆಲು ಇದ್ದ, ಸಮಾಜದಲ್ಲಿ ಗೌರವವಿದ್ದ ಮನೆ ಮಾಲೀಕ. ತನಿಖೆಯಲ್ಲಿ ಸುಳ್ಳು ದಾಖಲೆಗಳು, ಎಚ್‌-1ಬಿ ವೀಸಾದ ದುರ್ಬಳಕೆ ಎಲ್ಲ ಹೊರಬಂದವು. ನಾವೆಲ್ಲ ಕೆಲಸಕ್ಕೆ ಬಂದ ಅದೇ ವೀಸಾ. 2001ರಲ್ಲಿ ಅವನಿಗೆ 8 ವರ್ಷಕ್ಕೂ ಜಾಸ್ತಿ ಜೈಲಾಯಿತು. ಹುಡುಗಿ ತೀರಿಕೊಂಡ ದಿನ ಕಾರಿನಲ್ಲಿ ಹೋಗುತ್ತಿದ್ದ ಒಬ್ಬ ಮಹಿಳೆ ಏನೋ ಸರಿಯಿಲ್ಲ ಅನ್ನಿಸಿ ಗಾಡಿ ನಿಲ್ಲಿಸಿದ್ದರು. ಬರ್ಕ್ಲಿ ಹೈಸ್ಕೂಲಿನ ಇಬ್ಬರು ವಿದ್ಯಾರ್ಥಿನಿಯರು, ಈ ವಯಸ್ಸಿನ ಹುಡುಗಿ ಶಾಲೆಯಲ್ಲಿ ಏಕಿರಲಿಲ್ಲ ಅಂತ ಶಾಲೆಯ ಪತ್ರಿಕೆಯಲ್ಲಿ ಕೇಳಿದ್ದರು. ಅವಳಿದ್ದ ಊರಿನಲ್ಲಿ ನಮ್ಮ ಭಾರತೀಯ ಕುಟುಂಬಗಳೂ ಬೇಕಾದಷ್ಟು ಇದ್ದವು. ಆ ಪ್ರಶ್ನೆ ನಮ್ಮ ಕಡೆಯಿಂದ ಬರಬೇಕಿತ್ತು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ಹಾಗಾದರೆ ಈಗ ಎಲ್ಲಿ ಕೊಡುವುದು? ಫಾರ್ಮಿನ ಮೂಲಕವೇ ಕೊಡಬೇಕು ಅಂದರೆ, ಮಕ್ಕಳ ಮೇಲಿನ ದೌರ್ಜನ್ಯ ತಡೆಯುವ ರಾಜ್ಯದ ಮಕ್ಕಳ ನಿಧಿ ಆ ವರ್ಷದ ಪಟ್ಟಿಯಲ್ಲಿದ್ದರೆ ಅದೇ ಈ ಕೆಲಸಕ್ಕೆ ಹತ್ತಿರದ್ದು. ಮನೆಯಿಲ್ಲದ ಮಕ್ಕಳ ಶಾಲಾ ಸಾಮಾನಿನ ನಿಧಿಯೂ ಒಳ್ಳೆಯದೇ. ಪಟ್ಟಿ ವರ್ಷ ವರ್ಷ ಬದಲಾಗುತ್ತದೆ, ಹಾಗಾಗಿ ಹೆಸರನ್ನೂ ಕೋಡನ್ನೂ ಆ ವರ್ಷದ ಫಾರ್ಮಿನಲ್ಲೇ ನೋಡಿ. ಈ ದೇಣಿಗೆಯನ್ನು ಅದೇ ರಿಟರ್ನಿನಲ್ಲಿ ಕಳೆಯುವಂತಿಲ್ಲ. ಮುಂದಿನ ವರ್ಷ ಖರ್ಚುಗಳನ್ನು ಒಂದೊಂದಾಗಿ ತೋರಿಸುವವರು ಆಗ ತೋರಿಸಬಹುದು. ಅದಕ್ಕೇ ರಿಟರ್ನಿನ ಪ್ರತಿ ಎತ್ತಿಡಿ.

ನೇರವಾಗಿ ಕೊಡುವುದಾದರೆ ಓಕ್‌ಲ್ಯಾಂಡಿನ ಮಿಸ್ಸಿ ಸಂಸ್ಥೆ ಲೈಂಗಿಕ ಶೋಷಣೆಗೆ ಸಿಕ್ಕಿದ ಎಳೆಯರ ಜೊತೆ ಕೆಲಸ ಮಾಡುತ್ತದೆ. 1991ರಿಂದ ಇರುವ ಮೈತ್ರಿ ದಕ್ಷಿಣ ಏಷ್ಯಾದವರಿಗಾಗಿಯೇ ಇದೆ. ಮನೆಯೊಳಗಿನ ಹಿಂಸೆಗೆ ಸಿಕ್ಕವರಿಗೂ, ಕಳ್ಳಸಾಗಣೆಗೆ ಸಿಕ್ಕವರಿಗೂ ನೆರವಾಗುತ್ತದೆ. ಹೀಗೆ ಕೊಟ್ಟರೆ ಇನ್ನೊಂದು ಲಾಭವಿದೆ: ಇಲ್ಲಿನ ಎಷ್ಟೋ ಕಂಪನಿಗಳು ನೀವು ಕೊಟ್ಟಷ್ಟೇ ದುಡ್ಡನ್ನು ತಾವೂ ಸೇರಿಸುತ್ತವೆ. ಆಫೀಸಿನಲ್ಲಿ ಕೇಳಿ ನೋಡಿ.

ಫೋನ್ ಮಾಡಿ "ಮಕ್ಕಳನ್ನು ಉಳಿಸಿ" ಎಂದು ಅವಸರ ಮಾಡುವವರಿಗೆ ಕಾರ್ಡ್ ನಂಬರ್ ಕೊಡಬೇಡಿ. ಗಿಫ್ಟ್ ಕಾರ್ಡಿನಲ್ಲಿ ಕೊಡಿ ಅಂದರೆ ಅದು ಮೋಸವೇ. ಸಂಸ್ಥೆಯ ಹೆಸರನ್ನು ಕೇಂದ್ರ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ ಹುಡುಕಾಟ ಪುಟದಲ್ಲಿ, ರಾಜ್ಯದ ಅಟಾರ್ನಿ ಜನರಲ್ ಕಚೇರಿಯ ನೋಂದಣಿ ಪಟ್ಟಿಯಲ್ಲಿ ನೋಡಿಕೊಳ್ಳಿ.

ಇನ್ನೊಂದು ಮಾತು, ಇದಕ್ಕೆ ದುಡ್ಡೂ ಬೇಡ. ಯಾರದೋ ಮನೆಯಲ್ಲಿ ಶಾಲೆಗೆ ಹೋಗದೆ ದಿನವಿಡೀ ಕೆಲಸ ಮಾಡುವ ಹುಡುಗಿ ಕಂಡರೆ, ಅವಳ ಪಾಸ್‌ಪೋರ್ಟ್ ಬೇರೆಯವರ ಹತ್ತಿರ ಇದ್ದರೆ, ಅವಳ ಪರವಾಗಿ ಯಾವಾಗಲೂ ಬೇರೊಬ್ಬರೇ ಮಾತಾಡುತ್ತಿದ್ದರೆ, ನೀವೇ ಹೋಗಿ ವಿಚಾರಿಸಬೇಡಿ. ಅವಳಿಗೇ ಅಪಾಯವಾಗಬಹುದು. 1-888-373-7888ಕ್ಕೆ ಕರೆ ಮಾಡಿ. ಅದು ರಾಷ್ಟ್ರೀಯ ಮಾನವ ಕಳ್ಳಸಾಗಣೆ ಸಹಾಯವಾಣಿ, ಹಗಲೂ ರಾತ್ರಿಯೂ ಇರುತ್ತದೆ. ದುಭಾಷಿಗಳ ಮೂಲಕ 200ಕ್ಕೂ ಹೆಚ್ಚು ಭಾಷೆಗಳಲ್ಲಿ ಮಾತಾಡಬಹುದು. ಇಂಗ್ಲಿಷ್ ಕಷ್ಟವಾದರೆ ಕನ್ನಡ ಬೇಕು ಅಂತ ಕೇಳಿ. ನಿಮ್ಮ ಹೆಸರು ಹೇಳಲೇಬೇಕೆಂದಿಲ್ಲ. ಪ್ರಾಣಕ್ಕೇ ಅಪಾಯ ಅನ್ನಿಸಿದರೆ ಮೊದಲು ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ. ಸಹಾಯವಾಣಿಯ ನಂಬರನ್ನು ಈಗಲೇ ಫೋನಿನಲ್ಲಿ ಉಳಿಸಿಕೊಳ್ಳಿ. ಊರಿನಿಂದ ಬಂದು ನಿಮ್ಮ ಜೊತೆ ಇರುವ ಅಪ್ಪ ಅಮ್ಮನ ಫೋನಿನಲ್ಲೂ ಹಾಕಿಕೊಡಿ. ಸಂಜೆ ವಾಕಿಂಗ್ ಹೋಗುವಾಗ ಅಕ್ಕಪಕ್ಕದ ಮನೆಗಳನ್ನು ನಮಗಿಂತ ಚೆನ್ನಾಗಿ ನೋಡುವವರು ಅವರೇ.