ಬಲೆ ಎಳೆಯುವಾಗ ಮಾತ್ರ ಹೀಟ್: ಬಕೆಟ್ ಲೆಕ್ಕದಲ್ಲಿ ಸಿಕ್ಕಿದ ರೋಗ

ಮಲ್ಪೆಯ ಟ್ರಾಲ್ ಬೋಟ್, ಆರು ಸಿಲಿಂಡರ್, ನೂರು ಎಚ್‌ಪಿ ಆಸುಪಾಸು. ಖಾಲಿ ಓಡುವಾಗ 80 ಡಿಗ್ರಿ ದಾಟುತ್ತಿರಲಿಲ್ಲ. ಬಲೆ ಬಿಟ್ಟು 1500 ಆರ್‌ಪಿಎಂಗೆ ಏರಿಸಿದರೆ ಅರ್ಧ ಗಂಟೆಯಲ್ಲಿ 98. ದಕ್ಕೆಯಲ್ಲಿ ಎಲ್ಲರದ್ದೂ ಒಂದೇ ಮಾತು: ಹೆಡ್ ಗ್ಯಾಸ್ಕೆಟ್, ಅಂದರೆ ಸಿಲಿಂಡರಿನ ಗ್ಯಾಸ್ ನೀರಿಗೆ ಸೇರದಂತೆ ಹೆಡ್ಡಿನಡಿ ಕೂರುವ ಸೀಲ್, ಹೋಗಿದೆ ಎಂದು. ಗ್ಯಾಸ್ಕೆಟ್, ಹೆಡ್ ಫೇಸಿಂಗ್, ಕೂಲಿ ಸೇರಿ 25 ಸಾವಿರದ ಹತ್ತಿರ ಹೋಯಿತು, ಹೀಟ್ ಇಳಿಯಲಿಲ್ಲ. ತಣ್ಣಗಿರುವ ಎಂಜಿನ್‌ನ ಹೆಡರ್ ಟ್ಯಾಂಕ್ (ಸಿಹಿನೀರು ತುಂಬುವ ಟ್ಯಾಂಕ್) ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ಗುಳ್ಳೆ ಎಡೆಬಿಡದೆ ಬಂದರೆ ಗ್ಯಾಸ್ಕೆಟ್ ಮೇಲೆ ಸಂಶಯ ಇಡಿ. ಹೆಡ್ ಬಿಚ್ಚುವ ಮೊದಲೇ ಇದನ್ನು ಮಾಡಿದ್ದರೆ ಆ ದುಡ್ಡು ಉಳಿಯುತ್ತಿತ್ತು.

ಆಮೇಲೆ ಥರ್ಮೋಸ್ಟಾಟ್, ಅಂದರೆ ನೀರು ಬಿಸಿಯಾದಾಗ ಕೂಲರಿನ ದಾರಿ ತೆರೆಯುವ ಕವಾಟ, ಕಿತ್ತು ಓಡಿಸಿದ್ದೂ ಆಯಿತು. 98 ಇದ್ದದ್ದು 102ಕ್ಕೆ ಹೋಯಿತು. ಬೈಪಾಸ್ (ಕೂಲರ್ ತಪ್ಪಿಸಿ ನೀರು ಸುತ್ತುವ ದಾರಿ) ಇರುವ ಹಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಪೂರ್ತಿ ತೆರೆದಾಗಲೇ ಬೈಪಾಸಿನ ಬಾಯಿ ಮುಚ್ಚುವುದು. ಕಿತ್ತರೆ ಬಿಸಿ ನೀರಿನ ಒಂದು ಪಾಲು ಕೂಲರಿಗೆ, ಅಂದರೆ ಎಂಜಿನ್ನಿನ ಸಿಹಿನೀರನ್ನು ಕಡಲ ಉಪ್ಪುನೀರು ತಣಿಸುವ ಜಾಗಕ್ಕೆ, ಹೋಗದೆ ಒಳಗೇ ಸುತ್ತುತ್ತದೆ. ಉಪ್ಪುನೀರು ಎಳೆಯುವ ಹೊಸ ಪಂಪಿಗೂ ಹನ್ನೆರಡು ಸಾವಿರ ಹೋಯಿತು, ಏನೂ ಬದಲಾಗಲಿಲ್ಲ.

ಕೊನೆಗೆ ಹಿಡಿದದ್ದು 20 ಲೀಟರ್ ಬಕೆಟ್. ಉಪ್ಪುನೀರು ಹೊರಬೀಳುವ ಪೈಪಿಗೆ ಬಕೆಟ್ ಹಿಡಿದು ಮೊಬೈಲಿನಲ್ಲಿ ಸೆಕೆಂಡ್ ಎಣಿಸುವುದು. ಇದಕ್ಕೆ ಕಡಲಿಗೆ ಹೋಗಬೇಕಿಲ್ಲ. ಪಂಪ್ ಓಡುವುದು ಎಂಜಿನ್ ವೇಗದ ಮೇಲೆ, ಆದ್ದರಿಂದ ನ್ಯೂಟ್ರಲ್‌ನಲ್ಲೇ ಸಾಕು. ಐಡ್ಲಿಂಗ್ 700ರಲ್ಲಿ 35 ಸೆಕೆಂಡ್. 1500ಕ್ಕೆ ಏರಿಸಿದರೆ ಅರ್ಧಕ್ಕೆ ಇಳಿಯಬೇಕು. ಇಳಿದದ್ದು 30ಕ್ಕೆ ಮಾತ್ರ. ಪಂಪ್ ಹೊಸದಿದ್ದೂ ವೇಗದ ಜೊತೆ ನೀರು ಹೆಚ್ಚದಿದ್ದರೆ ಹೆಚ್ಚಾಗಿ ಪಂಪ್ ಎಳೆಯುವ ಕಡೆ ಎಲ್ಲೋ ಗಂಟಲು ಬಿಗಿದಿರುತ್ತದೆ. ಬಕೆಟ್ ನೋಡಿ ತಲೆ ಅಲ್ಲಾಡಿಸಿದವರೇ ಈಗ ಬಕೆಟ್ ಕೇಳಿಕೊಂಡು ಬರುತ್ತಾರೆ.

ಜೊತೆಗೆ ಟೆಂಪರೇಚರ್ ಗನ್ ಬೇಕು, ಸಾವಿರದೈನೂರರೊಳಗೆ ಸಿಗುತ್ತದೆ. ಹೊಳೆಯುವ ತಾಮ್ರ, ಹಿತ್ತಾಳೆಯ ಮೇಲೆ ಅದು ಕಡಿಮೆ ತೋರಿಸುತ್ತದೆ. ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿ ಅದರ ಮೇಲೆ ಹಿಡಿಯಬೇಕು. ಬಲೆ ಎಳೆಯುತ್ತಿರುವಾಗ ಕೂಲರಿಗೆ ಉಪ್ಪುನೀರು ಹೋಗುವಲ್ಲಿ, ಹೊರಬರುವಲ್ಲಿ ಅಳೆಯಿರಿ. ಹತ್ತು ಡಿಗ್ರಿ ಆಸುಪಾಸು ಏರಿದರೆ ಸರಿ. ನಮ್ಮಲ್ಲಿ ಹದಿನೆಂಟು ಏರಿತ್ತು, ಅಂದರೆ ನೀರು ಸಾಲುತ್ತಿಲ್ಲ. ಇದಕ್ಕೆ ಉಲ್ಟಾ, ಎಂಜಿನ್ ಕುದಿಯುತ್ತಿದ್ದರೂ ನಾಲ್ಕೈದೇ ಏರಿದರೆ ಕೂಲರ್ ಟ್ಯೂಬಿನಲ್ಲಿ ಸುಣ್ಣ ಕಟ್ಟಿರುತ್ತದೆ, ಇಲ್ಲವೇ ಒಳಗಿನ ಸಿಹಿನೀರು ಸುತ್ತುತ್ತಿರುವುದಿಲ್ಲ.

ಬೋಟಿನ ಅಡಿಯಲ್ಲಿ ನೀರು ಒಳಬರುವಲ್ಲಿನ ಜಾಲರಿ ಚೊಕ್ಕ ಇತ್ತು. ಸ್ಟ್ರೈನರ್ (ಕಸ ಸೋಸುವ ಡಬ್ಬಿ) ಮುಚ್ಚಳದ ಸುತ್ತ ದಪ್ಪ ಗ್ರೀಸ್ ಮೆತ್ತಿ ಮತ್ತೆ ಬಕೆಟ್ ಹಿಡಿದೆ. ಸಮಯ ಬದಲಾಗಲಿಲ್ಲ, ಅಲ್ಲಿಗೆ ಗಾಳಿ ಎಳೆಯುತ್ತಿಲ್ಲ ಎಂದು ಖಾತ್ರಿಯಾಯಿತು. ಉಳಿದದ್ದು ಸ್ಟ್ರೈನರಿನಿಂದ ಪಂಪಿಗೆ ಹೋಗುವ ಎರಡು ಇಂಚಿನ ಹೋಸ್. ಹೊರಗೆ ಹೊಸದರಂತಿತ್ತು. ಉದ್ದಕ್ಕೆ ಸೀಳಿದಾಗ ಒಳಪದರ ಅಂಗೈ ಉದ್ದ ಎದ್ದು ನಾಲಗೆಯಂತೆ ನೇತಾಡುತ್ತಿತ್ತು. ಐಡ್ಲಿಂಗ್‌ನಲ್ಲಿ ಅದು ಗೋಡೆಗೆ ಒರಗಿರುತ್ತದೆ, ಎಳೆತ ಜೋರಾದಾಗ ಅಡ್ಡ ಬೀಳುತ್ತದೆ. ಒಳಗೆ ತಂತಿ ಇರುವ ಸಕ್ಷನ್ ಹೋಸ್ ಎರಡು ಮೀಟರ್ ಹಾಕಿದೆ, ಕ್ಲಾಂಪ್ ಸೇರಿ ಎರಡು ಸಾವಿರ ಚಿಲ್ಲರೆ. ಈಗ 1500ರಲ್ಲಿ 17 ಸೆಕೆಂಡ್, ಥರ್ಮೋಸ್ಟಾಟ್ ಮತ್ತೆ ಜಾಗದಲ್ಲಿ, ಬಲೆ ಎಳೆಯುವಾಗ 84.

ಕೂಲರ್ ತೊಳೆಯುವುದರಲ್ಲೂ ಪ್ರಯೋಗ ಮಾಡಿದ್ದೇನೆ. ಮ್ಯೂರಿಯಾಟಿಕ್ ಆಸಿಡ್ ಬೇಗ ಕೆಲಸ ಮಾಡುತ್ತದೆ, ಆದರೆ ಅಲ್ಯೂಮಿನಿಯಂ ಎಂಡ್ ಕವರ್ ಒಂದನ್ನು ತಿಂದುಹಾಕಿತು. ಅದಕ್ಕೆ ಮೂರು ಸಾವಿರ. ಹತ್ತು ಲೀಟರ್ ಬಿಸಿ ನೀರಿಗೆ ಅರ್ಧ ಕಿಲೋ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್), ಸಣ್ಣ ಪಂಪಿನಲ್ಲಿ ಎರಡು ಮೂರು ಗಂಟೆ ಸುತ್ತಿಸಿದರೆ ಸಾಕು. ನೊರೆ ನಿಂತ ಮೇಲೆ ವಾಷಿಂಗ್ ಸೋಡಾ ನೀರು, ಆಮೇಲೆ ಸಿಹಿನೀರು. ಗಟ್ಟಿ ಸುಣ್ಣಕ್ಕೆ ಇದರ ಜೊತೆ ಸೇರಿಸುವುದು ಇನ್ನೊಂದಿದೆ, ಅದು ನನ್ನಲ್ಲೇ ಇರಲಿ.

ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ ರಜೆಗೆ ಬೋಟ್ ಕಟ್ಟುವಾಗ ಇಂಪೆಲ್ಲರ್, ಅಂದರೆ ಉಪ್ಪುನೀರಿನ ಪಂಪಿನೊಳಗಿನ ರಬ್ಬರ್ ರೆಕ್ಕೆಯ ಚಕ್ರ, ಬಿಚ್ಚಿಡಿ. ಎರಡು ತಿಂಗಳು ಮಡಚಿಕೊಂಡೇ ಕೂತ ರೆಕ್ಕೆ ಹಾಗೇ ಬಾಗಿ ನಿಲ್ಲುತ್ತದೆ, ಆಗಸ್ಟಿನ ಮೊದಲ ಟ್ರಿಪ್ಪಿನಲ್ಲೇ ಮುರಿಯಬಹುದು. ಹಾಕುವಾಗ ಗ್ರೀಸ್ ಬೇಡ, ಗ್ಲಿಸರಿನ್ ಹಚ್ಚಿ. ರೆಕ್ಕೆ ಮುರಿದರೆ ತುಂಡುಗಳನ್ನು ಜೋಡಿಸಿ ಲೆಕ್ಕ ನೋಡಿ. ಕಡಿಮೆ ಬಿದ್ದ ತುಂಡು ಹೆಚ್ಚಾಗಿ ಕೂಲರಿನ ಬಾಯಲ್ಲೇ ಕೂತಿರುತ್ತದೆ. ಕೂಲರನ್ನು ಉಪ್ಪುನೀರು ತಿನ್ನದಂತೆ ತಾನೇ ಸವೆಯಲು ಅದರಲ್ಲಿ ಕೂರಿಸುವ ಸತುವಿನ ಪೆನ್ಸಿಲ್ ಅರ್ಧ ಸವೆದಾಗಲೇ ಬದಲಿಸಿ. ಅದು ಮುರಿದು ಬಿದ್ದರೂ ಟ್ಯೂಬಿನ ಬಾಯಿಗೇ ಅಡ್ಡ.