ಜರ್ಮನಿಯಲ್ಲಿ ಬಾಡಿಗೆ ಮನೆ: ಠೇವಣಿ ಕಳುಹಿಸುವ ಮುನ್ನ

ಕಲಬುರಗಿಯಿಂದ ಓದಿಗೋ ನೌಕರಿಗೋ ಜರ್ಮನಿಗೆ ಹೊರಟಿರುವ ಮಕ್ಕಳ ತಂದೆತಾಯಿಯರು ದಯವಿಟ್ಟು ಇದನ್ನು ಓದಬೇಕು. ನನ್ನ ತಮ್ಮನ ಮಗಳಿಗೆ ಒಬ್ಬ ವ್ಯಕ್ತಿ ಮನೆಯ ಅಂದವಾದ ಫೋಟೊಗಳನ್ನು ಕಳುಹಿಸಿ, ತಾನು ಬೇರೆ ದೇಶದಲ್ಲಿರುವುದರಿಂದ ಠೇವಣಿ ತಲುಪಿದ ಕೂಡಲೇ ಬೀಗದ ಕೈಯನ್ನು ಅಂಚೆಯಲ್ಲಿ ಕಳುಹಿಸುವುದಾಗಿ ಬರೆದಿದ್ದನು. ಬ್ಯಾಂಕಿನಲ್ಲಿ ಹಣ ವರ್ಗಾವಣೆಯ ಅರ್ಜಿ ತುಂಬುತ್ತ ಕುಳಿತಿದ್ದಾಗ ಆ ಸಾಲನ್ನು ಮತ್ತೊಮ್ಮೆ ಓದಿ ಪೆನ್ನು ಕೆಳಗಿಟ್ಟೆವು. ಮನೆಯನ್ನು ಸ್ವತಃ ಅಥವಾ ಅಲ್ಲಿರುವ ನಂಬಿಕಸ್ತರ ಮೂಲಕ ನೋಡದೆ, ಕರಾರಿಗೆ ಸಹಿಯಾಗದೆ ಒಂದು ರೂಪಾಯಿಯನ್ನೂ ಕಳುಹಿಸಬೇಡಿರಿ.

ಅಲ್ಲಿನ ಕಾನೂನಿನ ಪ್ರಕಾರ ಠೇವಣಿಯು 3 ತಿಂಗಳ ಮೂಲ ಬಾಡಿಗೆಯನ್ನು, ಅಂದರೆ ‘ಕಾಲ್ಟ್‌ಮೀಟೆ’ಯನ್ನು, ಮೀರುವಂತಿಲ್ಲ, ಅದನ್ನೂ 3 ಮಾಸಿಕ ಕಂತುಗಳಲ್ಲಿ ಕೊಡುವ ಹಕ್ಕು ಬಾಡಿಗೆದಾರರಿಗಿದೆ. ಹೀಟಿಂಗ್, ನೀರು, ಕಸ ವಿಲೇವಾರಿ ಮುಂತಾದ ಖರ್ಚು ಸೇರಿದ ಮೊತ್ತವು ‘ವಾರ್ಮ್‌ಮೀಟೆ’ ಆಗಿದ್ದು, ಕರೆಂಟಿನ ಬಿಲ್ಲು ಸಾಮಾನ್ಯವಾಗಿ ಅದಕ್ಕೂ ಹೊರತಾಗಿರುತ್ತದೆ. ಅನೇಕ ಮನೆಗಳ ಅಡುಗೆಕೋಣೆಯಲ್ಲಿ ಒಲೆ, ಸಿಂಕ್ ಕೂಡ ಇರುವುದಿಲ್ಲವೆಂಬುದು ನಮ್ಮವರಿಗೆ ಹೋದ ಮೇಲೆಯೇ ತಿಳಿಯುತ್ತದೆ, ಆದ್ದರಿಂದ ಮೊದಲೇ ಕೇಳಿರಿ.

ಎಲ್ಲಕ್ಕಿಂತ ಮುಖ್ಯವಾಗಿ, ಮನೆ ಸೇರಿದ 2 ವಾರಗಳೊಳಗೆ ಅಲ್ಲಿನ ನಗರಾಡಳಿತದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ‘ಆನ್‌ಮೆಲ್ಡುಂಗ್’ ಎಂಬ ಈ ನೋಂದಣಿಗೆ ಮನೆ ಕೊಟ್ಟವರ ಲಿಖಿತ ದೃಢೀಕರಣ ಬೇಕಾಗುತ್ತದೆ. ಆ ಪತ್ರ ಕೊಡಲು ಒಪ್ಪದವರ ಮನೆಯನ್ನು, ಬಾಡಿಗೆ ಎಷ್ಟೇ ಕಡಿಮೆಯಿದ್ದರೂ, ಬಿಟ್ಟುಬಿಡಿರಿ.