ಹಾಲು-ಅನ್ನ ಒಂದೇ ಸಾಲದು: ಕುನ್ನಿಗೆ ಊಟ ಹಾಕುವುದು ಹೇಗೆ?

ನಮ್ಮ ತೀರ್ಥಹಳ್ಳಿ ಕಡೆ ನಾಯಿಮರಿಗೆ ಕುನ್ನಿ ಅಂತಲೇ ಹೇಳುವುದು. ಮನೆಗೆ ಕುನ್ನಿ ಬಂತು ಅಂದರೆ ಮೊದಲ ಕೆಲಸ, ತೆಂಗಿನ ಕರಟದಲ್ಲಿ ಹಾಲು. ನಮ್ಮ ಕರಿಯನಿಗೂ ನಾಲ್ಕು ತಿಂಗಳು ಬರೀ ಹಾಲು-ಅನ್ನ ಹಾಕಿದ್ದೆವು. ಹೊಟ್ಟೆ ಗುಡಾಣದ ಹಾಗಾಯಿತು, ಮುಂಗಾಲು ಬಿಲ್ಲಿನಂತೆ ಬಾಗಿತು. ಡಾಕ್ಟರು ಕಾಲು ಸವರುತ್ತಾ 'ಏನು ಹಾಕ್ತಿದ್ದೀರಿ ಇದಕ್ಕೆ?' ಅಂತ ಕೇಳಿದರೆ ಅಪ್ಪ ಹೆಮ್ಮೆಯಿಂದ 'ಹಾಲೇ ಸಾರ್, ನಮ್ಮನೇದೇ' ಅಂದಿದ್ದರು!

ನಾಯಿಯ ಹಾಲಿನಲ್ಲಿ ಪ್ರೋಟೀನು, ಕೊಬ್ಬು ಎರಡೂ ಹಸುವಿನ ಹಾಲಿನ ಎರಡು ಪಟ್ಟಿಗಿಂತ ಕಡಿಮೆ ಇರುವುದಿಲ್ಲ. ಮೇಲಿಂದ ಹಸುವಿನ ಹಾಲಿನಲ್ಲಿರುವ ಲ್ಯಾಕ್ಟೋಸ್ ಅನ್ನುವ ಸಕ್ಕರೆ ಎಷ್ಟೋ ಮರಿಗಳಿಗೆ ಅರಗದೆ ಭೇದಿ ಶುರುವಾಗುತ್ತದೆ. ಸ್ವಲ್ಪ ಮೊಸರು ಪರವಾಗಿಲ್ಲ.

ಮರಿಯನ್ನು ತರುವಾಗ ಎಂಟು ವಾರ ಆಗಿರಲಿ. ಅಲ್ಲಿ ಏನು ತಿನ್ನುತ್ತಿತ್ತು ಅಂತ ಕೇಳಿಕೊಂಡು ಮೊದಲ ಎರಡು ದಿನ ಅದನ್ನೇ ಹಾಕಿ, ಆಮೇಲೆ ವಾರದೊಳಗೆ ಸ್ವಲ್ಪ ಸ್ವಲ್ಪವೇ ನಿಮ್ಮ ಊಟಕ್ಕೆ ತನ್ನಿ. ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ, ಆಮೇಲೆ ಎರಡು ಸಲ. ಹೊತ್ತು ಮಾತ್ರ ತಪ್ಪಬಾರದು.

ತಟ್ಟೆಯಲ್ಲಿ ಏನಿರಬೇಕು? ಮೆತ್ತಗೆ ಬೆಂದ ಅನ್ನ. ಅದರ ಜೊತೆ, ಅನ್ನಕ್ಕಿಂತ ಕಡಿಮೆ ಆಗದಷ್ಟು ಬೇಯಿಸಿದ ಕೋಳಿಮಾಂಸ, ಮೊಟ್ಟೆ ಅಥವಾ ಮುಳ್ಳು ತೆಗೆದ ಮೀನು. ಒಂದು ತುಂಡು ಸಿಹಿಗುಂಬಳ. ಉಪ್ಪು, ಖಾರ, ಒಗ್ಗರಣೆ ಬೇಡ. ನಮ್ಮ ಅಡುಗೆಮನೆಗೆ ಮೊಟ್ಟೆ ಬರುವ ಹಾಗಿಲ್ಲ, ಅದಕ್ಕೆ ಕೊಟ್ಟಿಗೆಯಲ್ಲಿ ದನಕ್ಕೆ ಮುರು ಬೇಯಿಸುವ ಒಲೆಯ ಮೂಲೆಗೆ ಒಂದು ಹಳೇ ಪಾತ್ರೆ ಇಟ್ಟಿದ್ದೇವೆ. ಅಮ್ಮ ಅದನ್ನು ನೋಡಿಯೂ ನೋಡದ ಹಾಗೆ ಓಡಾಡುತ್ತಾರೆ. ಅದೂ ಆಗದು ಅನ್ನುವವರು ಮರಿಗಳಿಗೆಂದೇ ಮಾಡಿದ ಪ್ಯಾಕೆಟ್ ಆಹಾರ ತಂದು ಬಿಸಿನೀರಲ್ಲಿ ನೆನೆಸಿ, ಆರಿಸಿ ಹಾಕಿ. ಬರೀ ಅದನ್ನೇ ಹಾಕುವವರು ಮೇಲಿಂದ ಕ್ಯಾಲ್ಸಿಯಂ ಸುರಿಯಬೇಡಿ, ದೊಡ್ಡ ಜಾತಿಯ ಮರಿಗಳಿಗೆ ಅದು ಜಾಸ್ತಿಯಾದರೂ ಮೂಳೆ ಕೆಡುತ್ತದೆ. ಪೂರ್ತಿ ಮನೆ ಊಟವಾದರೆ ಕ್ಯಾಲ್ಸಿಯಂ ಬೇಕೇ ಬೇಕು, ಎಷ್ಟು ಅಂತ ಡಾಕ್ಟರನ್ನೇ ಕೇಳಿ.

ಊಟ ಸಾಕಾಗುತ್ತಿದೆಯಾ ಅಂತ ಪಕ್ಕೆ ಮುಟ್ಟಿ ನೋಡಿ. ಎಲುಬು ಬೆರಳಿಗೆ ಸಿಗಬೇಕು, ಕಣ್ಣಿಗೆ ಕುಕ್ಕಬಾರದು. ಮೈ ಬಡಕಲು, ಹೊಟ್ಟೆ ಮಾತ್ರ ಡುಬ್ಬ ಅಂದರೆ ಹೆಚ್ಚಾಗಿ ಜಂತುಹುಳು. ಮರಿ ಹುಟ್ಟಿ ಎರಡು ವಾರದಿಂದ ಹನ್ನೆರಡು ವಾರದವರೆಗೆ ಎರಡು ವಾರಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ತೂಕ ನೋಡಿ ಔಷಧಿ ಹಾಕಿಸಬೇಕು.

ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ ಬೇಡವೇ ಬೇಡ. ಬೇಯಿಸಿದ ಕೋಳಿ ಮೂಳೆಯೂ ಬೇಡ, ಸೀಳಿ ಕರುಳಿಗೆ ಚುಚ್ಚುತ್ತದೆ. ತೋಟದ ಮನೆಯವರಿಗೆ ಇನ್ನೆರಡು ತಲೆನೋವು. ಅಂಗಳದಲ್ಲಿ ಹರವಿದ ಅಡಿಕೆ ಮರಿಗೆ ಆಟದ ಗೋಲಿ. ಅದರಲ್ಲಿರುವ ಅರೆಕೋಲಿನ್ ಅನ್ನು ಹಿಂದೆ ನಾಯಿಯ ಹೊಟ್ಟೆಯ ಲಾಡಿಹುಳು ಬೀಳಿಸಲು ಕೊಡುತ್ತಿದ್ದರು, ಅಂದರೆ ಎಂಥ ವಾಂತಿ-ಭೇದಿ ಹಿಡಿಸಬಹುದು ಯೋಚಿಸಿ. ಎರಡನೆಯದು ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತದ ಔಷಧಿ. ಆ ನೀರು ನಿಂತ ಗುಂಡಿಗೆ ಮರಿ ಬಾಯಿ ಹಾಕದಂತೆ ಔಷಧಿ ಹೊಡೆಯುವ ದಿನ ಕಟ್ಟಿಹಾಕಿ.

ಇನ್ನು ಬುದ್ಧಿ. ನಾಯಿಯ ಅರ್ಧ ಕೆಟ್ಟ ಚಾಳಿ ನಾವು ಊಟ ಹಾಕುವ ರೀತಿಯಿಂದಲೇ ಬರುವುದು ಅಂತ ನನ್ನ ಅಭಿಪ್ರಾಯ. ನೀವು ಊಟಕ್ಕೆ ಕೂತಾಗ ಒಂದು ಸಲ ದೋಸೆ ಚೂರು ಎಸೆದಿರೋ, ಜೀವಮಾನವಿಡೀ ಎಲೆ ಪಕ್ಕ ಕುಂಯ್‌ಗುಟ್ಟುತ್ತದೆ. ತಟ್ಟೆ ಇಡುವ ಮೊದಲು ಮರಿ ಕೂರುವವರೆಗೆ ಸುಮ್ನೆ ಕಾಯಿರಿ. ಹಾರುತ್ತಿದ್ದರೆ ತಟ್ಟೆ ಮೇಲೇ ಇರಲಿ, ಬೈಯುವುದು ಬೇಡ. ನಾಲ್ಕೈದು ದಿನದಲ್ಲಿ ತಾನೇ ಕೂರುತ್ತದೆ. ತಿನ್ನುವಾಗ ತಟ್ಟೆ ಕಿತ್ತುಕೊಂಡು 'ನಾನೇ ಯಜಮಾನ' ಅಂತ ತೋರಿಸುವವರಿದ್ದಾರೆ, ಗುರುಗುಟ್ಟುವುದನ್ನು ಕಲಿಸುವುದು ಅವರೇ. ಅದರ ಬದಲು ಪಕ್ಕದಲ್ಲಿ ಹಾದುಹೋಗುವಾಗ ತಟ್ಟೆಗೆ ಒಂದು ಚೂರು ಮೊಟ್ಟೆ ಹಾಕಿ ಹೋಗಿ. ಮನುಷ್ಯ ಹತ್ತಿರ ಬಂದರೆ ಒಳ್ಳೆಯದೇ ಸಿಗುತ್ತೆ ಅಂತ ಅದರ ತಲೆಯಲ್ಲಿ ಕೂರಬೇಕು, ಅಲ್ವಾ? ಮಕ್ಕಳಿರುವ ಮನೆಯಲ್ಲಂತೂ ಇದನ್ನು ಬಿಡಲೇಬೇಡಿ.

ಉಂಡ ಹತ್ತು-ಹದಿನೈದು ನಿಮಿಷದಲ್ಲಿ ಮರಿಗೆ ಹೊರಗೆ ಹೋಗಬೇಕು. ದಿನಾ ಒಂದೇ ಜಾಗಕ್ಕೆ ಎತ್ತಿಕೊಂಡು ಹೋಗಿ. ಆಷಾಢದ ಮಳೆಯಲ್ಲಿ ಯಾವ ಕುನ್ನಿಯೂ ಜಗಲಿ ಇಳಿಯುವುದಿಲ್ಲ, ಬೈದರೆ ಕಂಬಳಿ ಮೇಲೇ ಮುಗಿಸುತ್ತದೆ. ಸೂರಿನ ಕೆಳಗೆ ಒಂದಿಷ್ಟು ಒಣ ದರಗೆಲೆ ಹರಡಿ ಕೊಡಿ.

ಎರಡು ಹೊತ್ತು ಊಟ ಬಿಟ್ಟು ಮಂಕಾಗಿ ಮಲಗಿದರೆ, ವಾಂತಿ ಜೊತೆ ರಕ್ತ ಭೇದಿ ಆದರೆ ಮನೆಮದ್ದು ಬೇಡ, ಅದು ಪಾರ್ವೋ ಅನ್ನುವ ವೈರಸ್ ಕಾಯಿಲೆ ಇರಬಹುದು. ಶಿವಮೊಗ್ಗದ ಸುತ್ತ ಇರುವವರಿಗೆ ಪಶುವೈದ್ಯಕೀಯ ಕಾಲೇಜೇ ಇದೆ. ಉಳಿದವರು ಹತ್ತಿರದ ಪಶು ಆಸ್ಪತ್ರೆಗೆ ಅದೇ ದಿನ ಹೊರಡಿ, ಬೆಳಗಾಗಲಿ ಅಂತ ಕೂರಬೇಡಿ.